ಬೀರು ಮೇಲೆ ಎಸೆದ ಪುಸ್ತಕ

ಹೋದ ಜನವರೀಲಿ, ಮಗಳಿಗೆ ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಇನ್ನೊಂದು ವಾರ ಇದೆ ಅನ್ನೋವಾಗ, ಸೈನ್ಸ್ ಪುಸ್ತಕದೊಳಗೆ ಕಾದಂಬರಿ ಇಟ್ಕೊಂಡು ಓದ್ತಾ ಸಿಕ್ಕಿಬಿದ್ಲು. ಕಿತ್ಕೊಂಡು ಬೀರು ಮೇಲೆ ಎಸೆದೆ. ಬೈದೆ, ಜಾಸ್ತೀನೇ ಬೈದೆ. ಊಟಕ್ಕೂ ಬರ್ಲಿಲ್ಲ ಅವಳು.

ರಾತ್ರಿ ನಿದ್ದೆ ಹತ್ಲಿಲ್ಲ, ಅಂಥದ್ದೇನಿದೆ ಅದ್ರಲ್ಲಿ ನೋಡೇಬಿಡೋಣ ಅಂತ ಸ್ಟೂಲ್ ಹಾಕಿ ಇಳಿಸ್ಕೊಂಡೆ. ಎಸ್.ಇ. ಹಿಂಟನ್ ಬರೆದಿರೋ 'ದಿ ಔಟ್‌ಸೈಡರ್ಸ್'. ಅಪ್ಪ ಅಮ್ಮ ಆಕ್ಸಿಡೆಂಟಲ್ಲಿ ಹೋಗ್ಬಿಟ್ಟಿರೋ ಮೂರು ಜನ ಅಣ್ಣತಮ್ಮಂದಿರು, ದೊಡ್ಡೋನು ದುಡಿದು ಚಿಕ್ಕೋರನ್ನ ಸಾಕ್ತಿದಾನೆ, ಅದರ ಮಧ್ಯೆ ಬಡ ಹುಡುಗ್ರಿಗೂ ದುಡ್ಡಿರೋ ಹುಡುಗ್ರಿಗೂ ಹೊಡೆದಾಟ. ಜಾನಿ ಅನ್ನೋ ಒಬ್ಬ ಹುಡುಗ, ಮನೇಲಿ ಬರೀ ಏಟು ತಿಂದೇ ಬೆಳೆದೋನು, ಬೆಂಕಿ ಬಿದ್ದ ಹಳೇ ಚರ್ಚೊಳಗೆ ಸಿಕ್ಕೊಂಡ ಪುಟ್ಟ ಮಕ್ಕಳನ್ನ ಉಳಿಸೋಕೆ ನುಗ್ತಾನೆ. ಮುಗಿಸೋವಾಗ ಎರಡೂವರೆ ಗಂಟೆ, ಸೆರಗೆಲ್ಲ ಒದ್ದೆ.

ಬರೆದೋರು ಯಾರೋ ಗಂಡಸು ಅನ್ಕೊಂಡಿದ್ದೆ. ಮೊಬೈಲಲ್ಲಿ ನೋಡಿದ್ರೆ ಸೂಸನ್ ಎಲೋಯಿಸ್ ಹಿಂಟನ್, 1948ರಲ್ಲಿ ಹುಟ್ಟಿದ ಹೆಣ್ಣುಮಗಳು, ಓಕ್ಲಹೋಮಾದ ಟಲ್ಸಾದವಳು. ಹೆಣ್ಣು ಬರೆದಿದ್ದು ಅಂತ ವಿಮರ್ಶಕರು ಪಕ್ಕಕ್ಕಿಡ್ತಾರೆ ಅನ್ನೋ ಭಯಕ್ಕೆ ಪ್ರಕಾಶಕರು ಬರೀ ಇನಿಶಿಯಲ್ಸ್ ಹಾಕಿಸಿದ್ರಂತೆ. ಬರೆಯೋಕೆ ಶುರು ಮಾಡಿದಾಗ ಹದಿನೈದು ವರ್ಷ, 1967ರಲ್ಲಿ ಪುಸ್ತಕ ಬಂದಾಗ ಹದಿನೆಂಟು. ಹೈಸ್ಕೂಲಲ್ಲಿ ಇರೋವಾಗ್ಲೇ ಅಪ್ಪಂಗೆ ಬ್ರೈನ್ ಟ್ಯೂಮರ್, ಉಳೀಲಿಲ್ಲ. ಆ ಸಂಕಟದಲ್ಲೇ ಬರೀತಿದ್ಲು ಆ ಹುಡುಗಿ. ಇದನ್ನ ಬರೀತಿದ್ದ ವರ್ಷಾನೇ ಸ್ಕೂಲಲ್ಲಿ ಕ್ರಿಯೇಟಿವ್ ರೈಟಿಂಗಿಗೆ ಡಿ ಗ್ರೇಡ್ ಬಂದಿತ್ತು ಅಂತ ಓದಿದಾಗ ಮೊಬೈಲ್ ಕೆಳಗಿಟ್ಬಿಟ್ಟೆ, ಯಾಕಂದ್ರೆ ಹಿಂದಿನ ವಾರವಷ್ಟೇ ಇವಳ ಕನ್ನಡ ಪ್ರಬಂಧದ ಮಾರ್ಕ್ಸ್ ನೋಡಿ ನಾನು ಕೂಗಾಡಿದ್ದೆ.

ಆಮೇಲೆ ಬಂದ ಹೆಸರಿನ ಭಾರಕ್ಕೆ ವರ್ಷಗಟ್ಟಲೆ ಹಿಂಟನ್‌ಗೆ ಬರೆಯೋಕೇ ಆಗ್ಲಿಲ್ಲ. ಮುಂದೆ ಗಂಡ ಆದ ಗೆಳೆಯ ದಿನಕ್ಕೆ ಎರಡೇ ಪುಟ ಬರಿ ಅಂತ ಬೆನ್ನು ಹತ್ತಿ ಬರೆಸಿದ, 1971ಕ್ಕೆ ಎರಡನೇದು ಬಂತು. ನಂಗೆ ಇನ್ನೂ ಇಷ್ಟ ಆಗಿದ್ದು ಕ್ಯಾಲಿಫೋರ್ನಿಯಾದ ಫ್ರೆಸ್ನೋ ಕಡೆಯ ಸ್ಕೂಲ್ ಮಕ್ಕಳ ವಿಷ್ಯ. ಅವ್ರೂ ಅವ್ರ ಲೈಬ್ರರಿ ನೋಡ್ಕೊಳ್ಳೋರೂ ಸೇರ್ಕೊಂಡು ಫ್ರಾನ್ಸಿಸ್ ಫೋರ್ಡ್ ಕಪ್ಪೋಲಾಗೆ ಪುಸ್ತಕದ ಜೊತೆ ಕಾಗದ ಬರೆದು ಸಿನಿಮಾ ಮಾಡಿ ಅಂತ ಕೇಳಿದ್ರು, 1983ರಲ್ಲಿ ಸಿನಿಮಾ ಬಂತು. ಅಷ್ಟು ದೊಡ್ಡ ಡೈರೆಕ್ಟರು ಮಕ್ಕಳ ಮಾತು ಕೇಳಿ ಪುಸ್ತಕ ಓದಿದ್ರಲ್ಲ.

ಬೆಳಿಗ್ಗೆ ಅವರೆಕಾಯಿ ಸುಲೀತಾ ಕೂತಿದ್ದೆ. ಮಗಳು ಬಂದು ಎದುರಿಗೆ ಕೂತ್ಲು, ಮಾತಿಲ್ಲ, ತಾನೂ ನಾಲ್ಕು ಕಾಯಿ ಸುಲಿದ್ಲು. ಪುಸ್ತಕ ನನ್ನ ಪಕ್ಕದಲ್ಲೇ ಇತ್ತು.

"ಅಮ್ಮಾ, ಪೂರ್ತಿ ಓದ್ದ್ಯಾ?"

"ಹೂಂ ಕಣೇ."

"ನೀನು ಕಿತ್ಕೊಂಡಾಗ ಜಾನಿ ಇನ್ನೂ ಆಸ್ಪತ್ರೇಲಿದ್ದ. ಉಳ್ಕೋತಾನಾ?"

ಬಾಯಿಂದ ಮಾತು ಹೊರಡ್ಲಿಲ್ಲ. ಕೈ ಒರೆಸ್ಕೊಂಡು ಪುಸ್ತಕ ಅವಳ ಕಡೆ ತಳ್ಳಿ, ಅವಳ ಮುಂದಿದ್ದ ಕಾಯೆಲ್ಲ ನನ್ನ ಮೊರಕ್ಕೆ ಎಳ್ಕೊಂಡೆ.