ಹೇಗೆ ಗೊತ್ತಾಯ್ತು ಅಂತ ಕೇಳಿದ ಮೇಲೆ

ಭೂಮಿಗೂ ಚಂದ್ರನಿಗೂ ಮಧ್ಯೆ ಇರುವ ಜಾಗದಲ್ಲಿ ಉಳಿದ ಏಳೂ ಗ್ರಹಗಳನ್ನು ಸಾಲಾಗಿ ಜೋಡಿಸಿಡಬಹುದಂತೆ. ಈ ಮಾತನ್ನು ನೀವೂ ಎಲ್ಲೋ ಓದಿರುತ್ತೀರಿ. ಮೊದಲ ಸಲ ಓದಿದಾಗ ನಾನು ನಂಬಲಿಲ್ಲ. ಗುರು ಗ್ರಹ ಒಂದೇ ಭೂಮಿಗಿಂತ ಹನ್ನೊಂದು ಪಟ್ಟು ಅಗಲ, ಜೊತೆಗೆ ಶನಿ ಬೇರೆ. ಚಂದ್ರ ನೋಡಿದರೆ ಇಲ್ಲೇ ತಲೆ ಮೇಲೆ ಕಾಣುತ್ತಾನೆ. ಅಷ್ಟೆಲ್ಲ ಹೇಗೆ ಹಿಡಿಸುತ್ತದೆ?

ಕೂಡಿಸಿಯೇ ನೋಡೋಣ ಅಂತ ಹಾಳೆ ಪೆನ್ನು ಹಿಡಿದು ಕೂತೆ. ಬುಧನ ಅಡ್ಡಗಲ 4,879 ಕಿ.ಮೀ., ಶುಕ್ರ 12,104, ಮಂಗಳ 6,779, ಗುರು 1,39,822, ಶನಿ 1,16,464, ಯುರೇನಸ್ 50,724, ನೆಪ್ಚೂನ್ 49,244. ಎಲ್ಲಾ ಸೇರಿ 3,80,016. ಚಂದ್ರ ಇರುವುದು ಸರಾಸರಿ 3,84,400 ಕಿ.ಮೀ. ದೂರದಲ್ಲಿ. ನಾಲ್ಕು ಸಾವಿರ ಕಿ.ಮೀ. ಇನ್ನೂ ಮಿಕ್ಕಿತು! ನಿಜಕ್ಕೂ ಮೈ ಜುಮ್ಮೆಂದಿತು.

ಆಮೇಲೆ ಹೊಳೆಯಿತು, ಆ 3,84,400 ಅನ್ನುವುದು ಭೂಮಿಯ ನಡುಮಧ್ಯದಿಂದ ಚಂದ್ರನ ನಡುಮಧ್ಯಕ್ಕೆ ಹಿಡಿದ ಲೆಕ್ಕ. ನೆಲದಿಂದ ನೆಲಕ್ಕೆ ಅಳೆದರೆ ಸುಮಾರು 8,100 ಕಿ.ಮೀ. ಕಮ್ಮಿಯಾಗುತ್ತದೆ. ಉಳಿಯುವುದು 3,76,300 ಅಷ್ಟೇ. ಈಗ ಹಿಡಿಸುವುದಿಲ್ಲ ಅಲ್ವಾ? ಕತೆ ಇಲ್ಲಿಗೂ ಮುಗಿಯುವುದಿಲ್ಲ. ಗುರು, ಶನಿ ಎರಡೂ ಹತ್ತು ಗಂಟೆ ಆಸುಪಾಸಿನಲ್ಲಿ ಒಂದು ಸುತ್ತು ತಿರುಗಿಬಿಡುತ್ತವೆ, ಆ ವೇಗಕ್ಕೆ ಸೊಂಟದ ಹತ್ತಿರ ಉಬ್ಬಿ ಧ್ರುವಗಳ ಕಡೆ ಚಪ್ಪಟೆಯಾಗಿವೆ. ಶನಿಯನ್ನು ಸೊಂಟದ ಹತ್ತಿರ ಅಳೆದರೆ 1,20,536 ಕಿ.ಮೀ., ಧ್ರುವದಿಂದ ಧ್ರುವಕ್ಕೆ 1,08,728. ಹಾಗಾಗಿ ಎಲ್ಲಾ ಗ್ರಹಗಳನ್ನೂ ಧ್ರುವಕ್ಕೆ ಧ್ರುವ ತಾಗುವ ಹಾಗೆ ಇಟ್ಟರೆ ಒಟ್ಟು ಉದ್ದ 3,65,000ಕ್ಕೆ ಇಳಿದು ಆರಾಮಾಗಿ ಹಿಡಿಸುತ್ತದೆ. ಶನಿಯ ಬಳೆಗಳೂ ಅಡ್ಡ ಬರುವುದಿಲ್ಲ. ಚಂದ್ರ 4,05,000 ಕಿ.ಮೀ. ದೂರ ಹೋದ ದಿನ ಹೇಗಿಟ್ಟರೂ ಸರಿಯೇ. 3,63,000ಕ್ಕೆ ಹತ್ತಿರ ಬಂದ ದಿನ ಹೇಗಿಟ್ಟರೂ ಆಗುವುದಿಲ್ಲ.

ಅವತ್ತಿನಿಂದ ಇಂಥ ಸಂಗತಿಗಳನ್ನು ಬರೆದಿಡುವ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಬದಲಾವಣೆ ಮಾಡಿದೆ. ಪ್ರತಿ ಸಂಗತಿಯ ಕೆಳಗೆ 'ಹೇಗೆ ಗೊತ್ತಾಯ್ತು?' ಅಂತ ಒಂದು ಸಾಲು. ಅದಕ್ಕೆ ಉತ್ತರ ಸಿಕ್ಕಿದ್ದು ಮಾತ್ರ ಉಳಿಯಬೇಕು. ಎಷ್ಟೋ ಸಲ ಸಂಗತಿಗಿಂತ ಆ ಉತ್ತರವೇ ಜಾಸ್ತಿ ಬೆರಗು ಹುಟ್ಟಿಸಿದೆ. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲಿಗೆ ಹೊಡೆದು ಹಾಕಿದ್ದು ಚೀನಾದ ಮಹಾಗೋಡೆ. ಚಂದ್ರನಿಂದ ಬರಿಗಣ್ಣಿಗೆ ಕಾಣುವ ಒಂದೇ ಮಾನವ ನಿರ್ಮಾಣ ಅಂತ ಶಾಲೆಯಲ್ಲೇ ಕಲಿತಿದ್ದೆವು. ಸುಮ್ನೆ ಯೋಚಿಸಿ. ಗೋಡೆ ಉದ್ದ ಇರಬಹುದು, ಅಗಲ ಕೆಲವೇ ಮೀಟರ್. ಬಣ್ಣವೂ ಸುತ್ತಲಿನ ಮಣ್ಣು ಕಲ್ಲಿನದೇ. ಚಂದ್ರನಿರಲಿ, 2003ರಲ್ಲಿ ಭೂಮಿಯ ಸುತ್ತ ಹಾರಿ ಬಂದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೆಯ್ ಅವರೇ ತಮಗೆ ಗೋಡೆ ಕಾಣಲಿಲ್ಲ ಅಂದರು. ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? 1754ರಲ್ಲೇ ವಿಲಿಯಂ ಸ್ಟೂಕ್ಲಿ ಎಂಬ ಇಂಗ್ಲಿಷ್ ವಿದ್ವಾಂಸರು ಚಂದ್ರನಿಂದ ಆ ಗೋಡೆ ಕಾಣಬಹುದು ಅಂತ ಒಂದು ಪತ್ರದಲ್ಲಿ ಬರೆದಿದ್ದರು. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಇನ್ನೂ ಇನ್ನೂರು ವರ್ಷಕ್ಕೂ ಜಾಸ್ತಿ ಬಾಕಿ ಇತ್ತು. ಯಾರೂ ಹೋಗಿ ನೋಡದ ಮಾತು, ಹೋಗಿ ನೋಡಿ ಬಂದ ಮೇಲೂ ಉಳಿದುಕೊಂಡಿತು.

ಶುಕ್ರ ಗ್ರಹದಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ಉದ್ದ ಅನ್ನುವುದು ಇನ್ನೊಂದು. ಇದು ನಿಜ, ಆದರೆ 'ದಿನ' ಅಂದರೆ ಏನು ಅಂತ ಕೇಳಬೇಕು. ಶುಕ್ರ ತನ್ನ ಸುತ್ತ ಒಮ್ಮೆ ತಿರುಗಲು ನಮ್ಮ 243 ದಿನ ಬೇಕು, ಸೂರ್ಯನ ಸುತ್ತ ಬರಲು 225 ದಿನ ಸಾಕು. ಅಲ್ಲಿಗೆ ಮಾತು ಸರಿ. ಆದರೆ ಅದು ತಿರುಗುವುದು ಹಿಮ್ಮುಖವಾಗಿ. ಅಲ್ಲಿ ನಿಂತು ನೋಡಿದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತಾನೆ. ಹೀಗೆ ಉಲ್ಟಾ ತಿರುಗುವುದರಿಂದಲೇ ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯಕ್ಕೆ ಹಿಡಿಯುವುದು ಸುಮಾರು 117 ದಿನ ಮಾತ್ರ. ಅಂದರೆ ಶುಕ್ರನ ಒಂದು ವರ್ಷದಲ್ಲಿ ಹೆಚ್ಚು ಕಡಿಮೆ ಎರಡು ಸಲ ಬೆಳಗಾಗುತ್ತದೆ.

ಇದು ಹೇಗೆ ಗೊತ್ತಾಯ್ತು? ಶುಕ್ರನನ್ನು ದಟ್ಟ ಮೋಡ ಸದಾ ಮುಚ್ಚಿಕೊಂಡಿರುತ್ತದೆ, ದೂರದರ್ಶಕದಲ್ಲಿ ನೆಲ ಕಾಣುವುದೇ ಇಲ್ಲ. 1960ರ ದಶಕದ ಶುರುವಿನಲ್ಲಿ ವಿಜ್ಞಾನಿಗಳು ಭೂಮಿಯಿಂದಲೇ ರೇಡಾರ್ ಅಲೆಗಳನ್ನು ಕಳಿಸಿದರು. ಅವು ಮೋಡ ದಾಟಿ ನೆಲಕ್ಕೆ ಬಡಿದು ವಾಪಸ್ ಬಂದವು. ತಿರುಗುವ ಗ್ರಹದ ಒಂದು ಅಂಚು ನಮ್ಮ ಕಡೆ ಬರುತ್ತಿರುತ್ತದೆ, ಇನ್ನೊಂದು ಅಂಚು ದೂರ ಹೋಗುತ್ತಿರುತ್ತದೆ. ಬರುವ ಅಂಚಿಗೆ ಬಡಿದ ಅಲೆಯ ಕಂಪನ ಸ್ವಲ್ಪ ಏರುತ್ತದೆ, ಹೋಗುವ ಅಂಚಿನದು ಸ್ವಲ್ಪ ಇಳಿಯುತ್ತದೆ. ಆಂಬುಲೆನ್ಸ್ ಹತ್ತಿರ ಬರುವಾಗ ಒಂದು ದನಿ, ದಾಟಿ ಹೋದಾಗ ಇನ್ನೊಂದು ದನಿ ಕೇಳಿಸುತ್ತದಲ್ಲ, ಅದೇ. ಆ ಚೂರು ವ್ಯತ್ಯಾಸದಿಂದ, ಕಣ್ಣಿಗೆ ಕಾಣದ ನೆಲ ಎಷ್ಟು ನಿಧಾನ, ಯಾವ ದಿಕ್ಕಿಗೆ ತಿರುಗುತ್ತಿದೆ ಅಂತ ಲೆಕ್ಕ ಹಾಕಿಬಿಟ್ಟರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗ್ರೀನ್‌ಲ್ಯಾಂಡ್ ಶಾರ್ಕ್. ಉತ್ತರದ ತಣ್ಣನೆಯ ಕಡಲಿನಲ್ಲಿ ಬಹಳ ನಿಧಾನವಾಗಿ ಈಜುವ ದೊಡ್ಡ ಮೀನು. ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್. ಅಷ್ಟು ನಿಧಾನವಾಗಿ ಬೆಳೆದೂ ಐದು ಮೀಟರ್ ಉದ್ದ ಆಗುತ್ತದೆ ಅಂದರೆ ಅದರ ವಯಸ್ಸೆಷ್ಟಿರಬಹುದು ಅಂತ ಸಂಶೋಧಕರ ತಲೆ ಕೊರೆಯುತ್ತಿತ್ತು. ಮರವನ್ನು ಕಡಿದರೆ ಉಂಗುರ ಎಣಿಸಬಹುದು. ಕೆಲವು ಜಾತಿಯ ಶಾರ್ಕ್‌ಗಳ ಬೆನ್ನುಮೂಳೆಯಲ್ಲೂ ಹಾಗೆ ಗೆರೆಗಳಿರುತ್ತವೆ. ಇದರ ಬೆನ್ನುಮೂಳೆ ತೀರಾ ಮೆತ್ತಗೆ, ಗೆರೆಯೇ ಮೂಡುವುದಿಲ್ಲ.

ದಾರಿ ತೋರಿಸಿದ್ದು ಕಣ್ಣು. ಕಣ್ಣಿನ ಮಸೂರದ ನಡುಭಾಗ ಮರಿ ಹುಟ್ಟುವುದಕ್ಕೂ ಮೊದಲೇ ತಯಾರಾಗಿರುತ್ತದೆ. ಅಲ್ಲಿನ ಪ್ರೋಟೀನ್ ಜೀವನಪೂರ್ತಿ ಬದಲಾಗುವುದಿಲ್ಲ. ಆದ್ದರಿಂದ ಆ ಚೂರಿನಲ್ಲಿರುವ ಇಂಗಾಲ, ಶಾರ್ಕ್ ತಾಯಿಯ ಹೊಟ್ಟೆಯಲ್ಲಿದ್ದ ಕಾಲದ್ದು. 1950-60ರ ದಶಕಗಳಲ್ಲಿ ದೇಶಗಳು ಅಣುಬಾಂಬ್ ಪರೀಕ್ಷೆ ನಡೆಸಿದ್ದರಿಂದ ಗಾಳಿಯಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಏಕ್‌ದಂ ಹೆಚ್ಚಾಯಿತು, ಅದು ಕಡಲಿಗೂ ಇಳಿಯಿತು. ಆಮೇಲೆ ಹುಟ್ಟಿದ ಮೀನುಗಳ ಕಣ್ಣಲ್ಲಿ ಅದರ ಗುರುತಿದೆ, ಮುಂಚೆ ಹುಟ್ಟಿದವುಗಳಲ್ಲಿ ಇಲ್ಲ. ಇದನ್ನೂ ಮೀನಿನ ಉದ್ದವನ್ನೂ ಆಧಾರವಾಗಿಟ್ಟುಕೊಂಡು ಜೂಲಿಯಸ್ ನೀಲ್ಸನ್ ಮತ್ತು ಜೊತೆಗಾರರು 28 ಹೆಣ್ಣು ಶಾರ್ಕ್‌ಗಳ ಮಸೂರ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ದೊಡ್ಡದು ಐದು ಮೀಟರ್ ಉದ್ದ ಇತ್ತು. ಅದರ ವಯಸ್ಸಿನ ಅಂದಾಜು 392 ವರ್ಷ, 120 ವರ್ಷ ಆಚೀಚೆ. ತುಂಬಾ ಕಡಿಮೆ ಹಿಡಿದರೂ 272.

272 ಅಂದರೆ ಅದು ಹುಟ್ಟಿದ್ದು 1744ರ ಹೊತ್ತಿಗೆ. ಆಗ ರೈಲು ಇಲ್ಲ, ಅಮೆರಿಕ ಅನ್ನುವ ದೇಶವೂ ಹುಟ್ಟಿರಲಿಲ್ಲ. ಮರಿ ಹಾಕುವ ವಯಸ್ಸಿಗೆ ಬರಲೇ ಈ ಹೆಣ್ಣುಗಳಿಗೆ ಸುಮಾರು 150 ವರ್ಷ ಬೇಕು. ಇದನ್ನು ಓದಿದಾಗ ಖುಷಿಯ ಜೊತೆಗೆ ಭಯವೂ ಆಯಿತು. ಇಂಥ ಒಂದು ಮೀನು ಬಲೆಗೆ ಸಿಕ್ಕಿ ಸತ್ತರೆ ಅದರ ಜಾಗ ತುಂಬಲು ಒಂದೂವರೆ ಶತಮಾನ ಕಾಯಬೇಕು.

ಕಾಲದ ವಿಷಯ ಬಂದಾಗ ನಮ್ಮ ಅಂದಾಜು ತುಂಬಾ ತಪ್ಪುತ್ತದೆ. ಕ್ಲಿಯೋಪಾತ್ರ ಅಂದ ಕೂಡಲೇ ಪಿರಮಿಡ್ ಕಣ್ಣ ಮುಂದೆ ಬರುತ್ತದೆ. ಗೀಝಾದ ಮಹಾ ಪಿರಮಿಡ್ ಕಟ್ಟಿ ಮುಗಿದದ್ದು ಕ್ರಿ.ಪೂ. 2560ರ ಸುಮಾರಿಗೆ, ಅವಳು ಸತ್ತದ್ದು ಕ್ರಿ.ಪೂ. 30ರಲ್ಲಿ. ಮಧ್ಯೆ 2,500 ವರ್ಷ! ಅವಳ ಸಾವಿನಿಂದ ಚಂದ್ರನ ಮೇಲೆ ಮನುಷ್ಯ ಇಳಿದ 1969ಕ್ಕೆ ಎರಡು ಸಾವಿರ ವರ್ಷವೂ ಇಲ್ಲ. ಪಿರಮಿಡ್ ಏಳುತ್ತಿದ್ದಾಗ ಆರ್ಕ್ಟಿಕ್‌ನ ರ‍್ಯಾಂಗೆಲ್ ದ್ವೀಪದಲ್ಲಿ ಮ್ಯಾಮತ್ ಆನೆಗಳು ಇನ್ನೂ ಓಡಾಡಿಕೊಂಡಿದ್ದವು. ಅಲ್ಲಿ ಸಿಕ್ಕ ಮೂಳೆಗಳ ಇಂಗಾಲವೇ ಅದನ್ನು ಹೇಳಿತು, ಕೊನೆಯವು ಸತ್ತು ಸುಮಾರು 4,000 ವರ್ಷ ಅಷ್ಟೇ. ಆಕ್ಸ್‌ಫರ್ಡ್‌ನಲ್ಲಿ ಪಾಠ 1096ರಲ್ಲೇ ನಡೆಯುತ್ತಿತ್ತು, ಮೆಕ್ಸಿಕೋದ ಅಜ್ಟೆಕ್ ಜನ ತಮ್ಮ ರಾಜಧಾನಿ ಟೆನೊಚ್ಟಿಟ್ಲಾನ್ ಕಟ್ಟಲು ಶುರು ಮಾಡಿದ್ದು 1325ರಲ್ಲಿ. ಶಾರ್ಕ್‌ಗಳಂತೂ ಮರಗಳಿಗಿಂತ ಹಳಬರು.

ಇಡೀ ಹತ್ತು ದಿನ ಕ್ಯಾಲೆಂಡರಿನಿಂದ ಮಾಯವಾದ ಕತೆಯೂ ಇದೆ. ಯುರೋಪಿನಲ್ಲಿ ಹಿಂದೆ ಬಳಸುತ್ತಿದ್ದ ಜೂಲಿಯನ್ ಕ್ಯಾಲೆಂಡರಿನಲ್ಲಿ ವರ್ಷ ನಿಜಕ್ಕಿಂತ ಸುಮಾರು 11 ನಿಮಿಷ ಉದ್ದ ಇತ್ತು. ಹನ್ನೊಂದು ನಿಮಿಷ ಯಾವ ಲೆಕ್ಕ ಅನಿಸುತ್ತದೆ, ಆದರೆ ಶತಮಾನಗಳು ಕಳೆದಂತೆ ಅದು ದಿನಗಳಾಗಿ ಬೆಳೆಯಿತು. ಅದನ್ನು ಸರಿ ಮಾಡಲು 1582ರಲ್ಲಿ ಇಟಲಿ, ಸ್ಪೇನ್ ಮುಂತಾದ ಕಡೆ ಅಕ್ಟೋಬರ್ 4ರ ಮಾರನೇ ದಿನವನ್ನು ಅಕ್ಟೋಬರ್ 15 ಅಂತ ಎಣಿಸಿದರು. ಸ್ಪೇನಿನ ಆವಿಲಾದ ತೆರೆಸಾ ಎಂಬ ಸಂತಳು ತೀರಿಕೊಂಡದ್ದು ಸರಿಯಾಗಿ ಆ ರಾತ್ರಿಯೇ. ಅಕ್ಟೋಬರ್ 4ಕ್ಕೂ 15ಕ್ಕೂ ನಡುವಿನ ಒಂದೇ ಒಂದು ರಾತ್ರಿ. ಸಮೋವಾ ದೇಶ ಇನ್ನೂ ಇತ್ತೀಚೆಗೆ, 2011ರಲ್ಲಿ, ಡಿಸೆಂಬರ್ 30ನ್ನು ಪೂರ್ತಿ ಬಿಟ್ಟು 29ರಿಂದ 31ಕ್ಕೆ ದಾಟಿತು. ದಾಟಿದರೆ ತಾರೀಖು ಬದಲಾಗುವ ದಿನರೇಖೆಯ ಆಚೆ ಬದಿಯಿಂದ ಈಚೆ ಬದಿಗೆ ಬರಬೇಕಿತ್ತು, ಅದಕ್ಕೆ.

ಸಹಾರಾ ಮರುಭೂಮಿಯ ಧೂಳು ಅಮೆಜಾನ್ ಕಾಡಿಗೆ ಗೊಬ್ಬರ ಅಂತ ಯಾರೋ ಹೇಳಿದಾಗಲೂ ಮೊದಲು ಅನುಮಾನವೇ ಬಂತು. ಚಾಡ್ ದೇಶದಲ್ಲಿ ಬೊಡೆಲೆ ಅಂತ ಒಂದು ತಗ್ಗು ಪ್ರದೇಶ ಇದೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ದೊಡ್ಡ ಸರೋವರ ಇತ್ತು. ಅದರಲ್ಲಿದ್ದ ಡಯಾಟಮ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಸತ್ತು, ಅವುಗಳ ಚಿಪ್ಪು ತಳದಲ್ಲಿ ಪದರ ಪದರವಾಗಿ ಕೂತಿತು. ಸರೋವರ ಬತ್ತಿತು. ಈಗ ಎರಡು ಬೆಟ್ಟಸಾಲುಗಳ ಸಂದಿಯಿಂದ ನುಗ್ಗುವ ಗಾಳಿ ಆ ಹಗುರ ಪುಡಿಯನ್ನು ಎಬ್ಬಿಸಿಕೊಂಡು ಹೋಗುತ್ತದೆ. ಉಪಗ್ರಹದಿಂದ ಲೇಸರ್ ಬಿಟ್ಟು ಧೂಳಿನ ಮೋಡ ಎಷ್ಟು ಎತ್ತರ, ಎಷ್ಟು ದಪ್ಪ ಅಂತ 2007ರಿಂದ 2013ರವರೆಗೆ ಅಳೆದರು. ವರ್ಷಕ್ಕೆ ಸರಾಸರಿ 2.77 ಕೋಟಿ ಟನ್ ಧೂಳು ಅಟ್ಲಾಂಟಿಕ್ ದಾಟಿ ಅಮೆಜಾನ್ ಮೇಲೆ ಬೀಳುತ್ತದೆ, ಅದರಲ್ಲಿ ರಂಜಕವೇ ಸುಮಾರು 22,000 ಟನ್. ಆ ಕಾಡಿನ ಮಣ್ಣಿನಿಂದ ಮಳೆ ಪ್ರವಾಹಕ್ಕೆ ಕೊಚ್ಚಿಹೋಗುವ ರಂಜಕವೂ ಹೆಚ್ಚು ಕಡಿಮೆ ಅಷ್ಟೇ! ಸತ್ತ ಸರೋವರ ಒಂದು, ಕಡಲಾಚೆಯ ಕಾಡಿಗೆ ಈಗಲೂ ಉಣಿಸುತ್ತಿದೆ.

ಹಕ್ಕಿಗಳ ಪುಟವನ್ನು ಇನ್ನೊಮ್ಮೆ ಬರೆಯುತ್ತೇನೆ, ಅಲ್ಲಿ ಹೇಳುವುದು ಬಹಳ ಇದೆ. ಒಂದು ಮಾತ್ರ ತಡೆಯಲಾಗುತ್ತಿಲ್ಲ. 2022ರಲ್ಲಿ ಬೆನ್ನಿಗೆ ಪುಟ್ಟ ಉಪಗ್ರಹ ಟ್ಯಾಗ್ ಕಟ್ಟಿದ ಬಾರ್-ಟೇಲ್ಡ್ ಗಾಡ್‌ವಿಟ್ ಹಕ್ಕಿಯೊಂದು ಅಲಾಸ್ಕದಿಂದ ಟ್ಯಾಸ್ಮೇನಿಯಾಕ್ಕೆ 13,560 ಕಿ.ಮೀ. ದೂರವನ್ನು ಹನ್ನೊಂದು ದಿನದಲ್ಲಿ, ಎಲ್ಲೂ ಇಳಿಯದೆ ಹಾರಿತು. ಅದರ ವಯಸ್ಸು ಆಗ ಐದು ತಿಂಗಳು.

ಇನ್ನು ಹಾವುಮೀನು. ಯುರೋಪಿನ ನದಿ ಕೊಳಗಳಲ್ಲಿ ಧಾರಾಳವಾಗಿದ್ದ ಮೀನು ಇದು, ಆದರೆ ಮರಿ ಎಲ್ಲಿಂದ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎಷ್ಟು ಕೊಯ್ದು ನೋಡಿದರೂ ಮೊಟ್ಟೆ ಸಿಗುತ್ತಿರಲಿಲ್ಲ. ಅರಿಸ್ಟಾಟಲ್ ಅವು ಮಣ್ಣಿನಿಂದಲೇ ಹುಟ್ಟುತ್ತವೆ ಅಂದುಕೊಂಡಿದ್ದ. 1876ರಲ್ಲಿ ಟ್ರಿಯೆಸ್ಟ್ ಊರಿನಲ್ಲಿ ಒಬ್ಬ ವಿದ್ಯಾರ್ಥಿ ಗಂಡು ಹಾವುಮೀನಿನ ವೃಷಣ ಹುಡುಕುತ್ತಾ ಸುಮಾರು 400 ಮೀನು ಕೊಯ್ದ. ಆ ವಿದ್ಯಾರ್ಥಿ ಸಿಗ್ಮಂಡ್ ಫ್ರಾಯ್ಡ್, ಮುಂದೆ ಮನಸ್ಸಿನ ವಿಷಯದಲ್ಲಿ ಹೆಸರು ಮಾಡಿದವರು. ಸರಿಯಾದ ಉತ್ತರ ಅವರಿಗೂ ಸಿಗಲಿಲ್ಲ. ಯಾಕೆಂದರೆ ಈ ಮೀನಿಗೆ ಆ ಅಂಗಗಳು ಪೂರ್ತಿ ಬೆಳೆಯುವುದೇ ಬದುಕಿನ ಕೊನೆಯಲ್ಲಿ, ನದಿ ಬಿಟ್ಟು ಕಡಲಿಗೆ ಹೊರಟ ಮೇಲೆ.

ಡೆನ್ಮಾರ್ಕಿನ ಯೋಹಾನೆಸ್ ಸ್ಮಿತ್ 1904ರಿಂದ ವರ್ಷಗಟ್ಟಲೆ ಅಟ್ಲಾಂಟಿಕ್‌ನಲ್ಲಿ ಬಲೆ ಎಳೆಸಿದರು. ಅವರ ಉಪಾಯ ಸರಳ. ಸಿಕ್ಕ ಮರಿಗಳನ್ನು ಅಳೆಯುವುದು, ಇನ್ನೂ ಚಿಕ್ಕ ಮರಿ ಸಿಗುವ ಕಡೆಗೆ ಹಡಗು ತಿರುಗಿಸುವುದು. ಹಾಗೆ ಹೋಗಿ ಹೋಗಿ ಅವರು ತಲುಪಿದ್ದು ಸಾರ್ಗಾಸೊ ಸಮುದ್ರ. ಎಲ್ಲಕ್ಕಿಂತ ಪುಟ್ಟ ಮರಿಗಳು ಅಲ್ಲಿದ್ದವು. ಶತಮಾನ ಕಳೆದ ಮೇಲೆ, 2022ರಲ್ಲಿ, ಟ್ಯಾಗ್ ಕಟ್ಟಿದ ದೊಡ್ಡ ಮೀನುಗಳು ಅಜೋರ್ಸ್ ದ್ವೀಪಗಳ ಕಡೆಯಿಂದ ಅಲ್ಲಿಗೇ ಹೋಗಿ ಸೇರಿದ ವಿವರ ಪ್ರಕಟವಾಯಿತು. ಜಾಗ ಅದೇ ಅನ್ನುವುದು ಖಚಿತ. ಆದರೆ ಅಲ್ಲಿ ಈ ಹಾವುಮೀನುಗಳು ಕೂಡುವುದನ್ನು ಇವತ್ತಿನವರೆಗೂ ಯಾರೂ ಕಂಡಿಲ್ಲ. ಒಂದೇ ಒಂದು ಮೊಟ್ಟೆಯೂ ಯಾರ ಬಲೆಗೂ ಬಿದ್ದಿಲ್ಲ.