‘ಆ ಆಫೀಸು ಇನ್ನೂ ಇದೆಯಾ?’

ಇದೆ. ಈ ಒಂದೇ ಪದದ ಉತ್ತರವನ್ನು ನಾನು ಮದುವೆಯ ಛತ್ರಗಳಲ್ಲಿ, ಮೆಟ್ರೊ ರೈಲಿನಲ್ಲಿ, ಬ್ಯಾಂಕಿನ ಸರದಿಯಲ್ಲಿ, ಒಮ್ಮೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಒರಗಿದ್ದಾಗಲೂ ಕೊಟ್ಟಿದ್ದೇನೆ. 1987ರಿಂದ 2021ರವರೆಗೆ ಬೆಂಗಳೂರಿನ ಉದ್ಯೋಗ ವಿನಿಮಯ ಕಚೇರಿಗಳಲ್ಲಿ ದುಡಿದು, ಪ್ರಥಮ ದರ್ಜೆ ಸಹಾಯಕಿಯಾಗಿ ನಿವೃತ್ತಳಾದವಳು ನಾನು ಎಂದು ತಿಳಿದ ಕೂಡಲೇ ಎದುರಿನವರಿಂದ ಬರುವ ಮೊದಲ ಮಾತು, ‘ಎಂಪ್ಲಾಯ್‌ಮೆಂಟ್ ಆಫೀಸು ಇನ್ನೂ ಇದೆಯಾ?’ ಎಂಬುದು. ಎರಡನೆಯದು, ‘ಅಲ್ಲಿಂದ ಯಾರಿಗಾದರೂ ಕೆಲಸ ಸಿಕ್ಕಿದೆಯಾ?’ ಮೂರನೆಯದು ಪ್ರಶ್ನೆಯಲ್ಲ, ತೀರ್ಪು: ‘ಹಾಗಾದರೆ ಮುಚ್ಚಿಬಿಡಬಹುದಲ್ಲ.’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ನನಗೆ ಸಿಟ್ಟು ಬರುವುದು ಆ ‘ಇನ್ನೂ’ ಎಂಬ ಪದದ ಮೇಲೆ. ಒಂದು ಮನೆಗೆ ಹೋಗಿ, ‘ನಿಮ್ಮ ಅಜ್ಜಿ ಇನ್ನೂ ಇದ್ದಾರಾ?’ ಎಂದು ಯಾರಾದರೂ ಕೇಳಿದರೆ ಆ ಮನೆಯವರು ಎರಡನೇ ಸಲ ಕಾಫಿ ಕೊಡುವುದಿಲ್ಲ. ಹೋಗಬೇಕಾದ ಕಾಲಕ್ಕೆ ಹೋಗದೆ ಉಳಿದಿದೆ ಎಂಬ ಆರೋಪ ಆ ಒಂದು ಪದದಲ್ಲೇ ಇದೆ. ಹೀಗೆ ಕೇಳುವವರಲ್ಲಿ ಹೆಚ್ಚಿನವರು ಆ ಕಚೇರಿಯ ಮೆಟ್ಟಿಲು ಹತ್ತುವ ಅಗತ್ಯ ಬೀಳದವರು, ಅಥವಾ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅಪ್ಪನ ಬಲವಂತಕ್ಕೆ ಒಂದು ಕಾರ್ಡು ಮಾಡಿಸಿ ಆಮೇಲೆ ಮರೆತವರು. ಅಗತ್ಯ ಬೀಳದಿರುವುದು ಅವರ ಅದೃಷ್ಟ; ಅದು ಕಚೇರಿ ಬೇಡವೆನ್ನುವುದಕ್ಕೆ ಪುರಾವೆಯಾಗುವುದಿಲ್ಲ.

ಈ ಕಚೇರಿಗಳು ಹುಟ್ಟಿದ್ದೇ ಕೆಲಸ ಕಳೆದುಕೊಂಡವರ ದೊಡ್ಡ ಗುಂಪೊಂದು ಒಮ್ಮೆಲೇ ಬೀದಿಗೆ ಬಂದಾಗ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಸೇನೆಯಿಂದ ಬಿಡುಗಡೆಯಾದ ಸಿಪಾಯಿಗಳಿಗೆ ನೆಲೆ ಹುಡುಕಿಕೊಡಲು 1945ರಲ್ಲಿ ಈ ವ್ಯವಸ್ಥೆ ಆರಂಭವಾಯಿತು, 1948ರಲ್ಲಿ ಅದರ ಬಾಗಿಲು ಎಲ್ಲರಿಗೂ ತೆರೆಯಿತು. ನಮ್ಮ ಮಂಗಳೂರಿನವರಾದ ಬಿ. ಶಿವರಾವ್ ಅವರ ಅಧ್ಯಕ್ಷತೆಯ ಸಮಿತಿಯೊಂದು ಇದರ ದೈನಂದಿನ ಆಡಳಿತ ರಾಜ್ಯಗಳ ಕೈಗೆ ಬರಬೇಕೆಂದು ಶಿಫಾರಸು ಮಾಡಿದ ಮೇಲೆ, 1956ರ ನವೆಂಬರ್ 1ರಂದು ಆ ಹಸ್ತಾಂತರ ನಡೆಯಿತು. ಆ ದಿನ ನಮಗೆಲ್ಲ ಬೇರೆಯ ಕಾರಣಕ್ಕೆ ನೆನಪಿದೆ. ಕನ್ನಡ ನಾಡು ಒಂದಾದ ದಿನವೇ ನಿರುದ್ಯೋಗಿಯ ಹೆಸರು ಬರೆದುಕೊಳ್ಳುವ ಹೊಣೆಯೂ ಈ ನಾಡಿನ ಸರ್ಕಾರಕ್ಕೆ ಬಂತು ಎಂಬುದನ್ನು ನಾನು ಪ್ರತಿ ರಾಜ್ಯೋತ್ಸವದಲ್ಲೂ ನೆನೆಸಿಕೊಳ್ಳುತ್ತಿದ್ದೆ.

ಕೆಲಸ ಸಿಕ್ಕಿದೆಯಾ ಎಂಬುದಕ್ಕೆ ಉತ್ತರ: ಸಿಕ್ಕಿದೆ. ನಾನು ಸೇರಿದ ಕಾಲದಲ್ಲಿ ಸರ್ಕಾರಿ ಇಲಾಖೆಗಳಿಂದ ಹುದ್ದೆಯ ಬೇಡಿಕೆ ಬರುತ್ತಿತ್ತು. ಅದಕ್ಕೆ ಹೊಂದುವ ವಿದ್ಯಾರ್ಹತೆ, ಮೀಸಲಾತಿ ಮತ್ತು ನೋಂದಣಿಯ ಜ್ಯೇಷ್ಠತೆ ನೋಡಿ, ಟ್ರೇಗಳಿಂದ ಎಕ್ಸ್-1 ಕಾರ್ಡುಗಳನ್ನು, ಅಂದರೆ ಅಭ್ಯರ್ಥಿಯ ವಿವರ ಬರೆದು ಕಚೇರಿಯಲ್ಲೇ ಇಟ್ಟುಕೊಳ್ಳುವ ಕಾರ್ಡುಗಳನ್ನು, ಒಂದೊಂದಾಗಿ ಎತ್ತಿ ಪಟ್ಟಿ ಮಾಡಿ ಕಳುಹಿಸುತ್ತಿದ್ದೆವು. ಅಭ್ಯರ್ಥಿಯ ಕೈಗೆ ಹೋಗುವುದು ಎಕ್ಸ್-10, ನೀವೆಲ್ಲ ಎಂಪ್ಲಾಯ್‌ಮೆಂಟ್ ಕಾರ್ಡು ಎನ್ನುವುದು ಅದನ್ನೇ. ಎಂಟು ವರ್ಷ ಕಾದು ಕರೆಪತ್ರ ಪಡೆದು, ಜವಾನನ ಹುದ್ದೆಗೆ ಸೇರಿ, ಮೊದಲ ಸಂಬಳದಲ್ಲಿ ನಮ್ಮ ಕಚೇರಿಗೆಲ್ಲ ಮೈಸೂರುಪಾಕು ಹಂಚಿದವರನ್ನು ನಾನು ಕಂಡಿದ್ದೇನೆ.

ಆಮೇಲೆ ಅದು ಕಡಿಮೆಯಾಯಿತು. ಯಾಕೆಂದು ಕೇಳದೆ ಎಲ್ಲರೂ ನಗುತ್ತಾರೆ. ವಿನಿಮಯ ಕಚೇರಿಗಳಿಂದ ಬಂದ ಹೆಸರುಗಳಿಗಷ್ಟೇ ನೇಮಕವನ್ನು ಸೀಮಿತಗೊಳಿಸದೆ, ಪತ್ರಿಕೆಗಳಲ್ಲೂ ಪ್ರಕಟಣೆ ನೀಡಿ ಎಲ್ಲ ಅರ್ಹರನ್ನು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಅದು ನ್ಯಾಯವೇ, ನನ್ನ ತಕರಾರಿಲ್ಲ. ಆದರೆ ಖಾಸಗಿ ವಲಯದ ಮಾತೇನು? 25 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗಳು ತಮ್ಮಲ್ಲಿ ಖಾಲಿಯಾಗುವ ಹುದ್ದೆಗಳನ್ನು ನಮಗೆ ತಿಳಿಸಲೇಬೇಕೆಂದು 1959ರ ಕಾಯ್ದೆ ವಿಧಿಸಿತ್ತು. ಅದೇ ಕಾಯ್ದೆ, ನಾವು ಕಳುಹಿಸಿದವರನ್ನು ತೆಗೆದುಕೊಳ್ಳಬೇಕಾದ ಬಂಧನವೇನೂ ಇಲ್ಲವೆಂದೂ ಹೇಳಿತ್ತು. ತಿಳಿಸದಿದ್ದರೆ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 500 ರೂಪಾಯಿ, ನಂತರದ ತಪ್ಪಿಗೆ 1000. ನಾವು ಪತ್ರ ಬರೆಯುತ್ತಿದ್ದೆವು, ಜ್ಞಾಪನಾ ಪತ್ರ ಬರೆಯುತ್ತಿದ್ದೆವು, ಎಷ್ಟು ಜನ ದುಡಿಯುತ್ತಿದ್ದಾರೆ, ಎಷ್ಟು ಹುದ್ದೆ ಖಾಲಿ ಎಂದು ತಿಳಿಸುವ ತ್ರೈಮಾಸಿಕ ಇಆರ್-1 ನಮೂನೆ ಕೊಡಿ ಎಂದು ಪೀಣ್ಯದ ಬೀದಿಗಳಲ್ಲಿ ಬಿಸಿಲಿನಲ್ಲಿ ಅಲೆಯುತ್ತಿದ್ದೆವು. ಈ ಶತಮಾನದ ಮೊದಲ ವರ್ಷಗಳಲ್ಲಿ ದೇಶದ ಎಲ್ಲ ಕಚೇರಿಗಳ ಚಾಲ್ತಿ ದಾಖಲೆಯಲ್ಲಿ, ಅಂದರೆ ಕೆಲಸಕ್ಕೆ ಕಾಯುತ್ತಿದ್ದವರ ಪಟ್ಟಿಯಲ್ಲಿ, ನಾಲ್ಕು ಕೋಟಿ ಹೆಸರುಗಳಿದ್ದರೆ, ಆ ಮೂಲಕ ಕೆಲಸ ಪಡೆದವರು ವರ್ಷಕ್ಕೆ ಎರಡು ಲಕ್ಷವನ್ನೂ ಮುಟ್ಟುತ್ತಿರಲಿಲ್ಲ. ಈ ಅಂಕಿಯನ್ನು ನನ್ನ ಮುಖಕ್ಕೆ ಹಿಡಿಯುವವರಿಗೆ ನಾನು ಹೇಳುವುದಿಷ್ಟೇ: ಮಳೆ ಬಾರದಿದ್ದರೆ ಮಳೆಮಾಪಕವನ್ನು ಕಿತ್ತೆಸೆಯುತ್ತೀರಾ? ಕೆಲಸ ಸೃಷ್ಟಿಸುವುದು ನಮ್ಮ ಕೈಯಲ್ಲಿ ಎಂದೂ ಇರಲಿಲ್ಲ. ಕೆಲಸವಿಲ್ಲದವನ ಹೆಸರು, ದಿನಾಂಕ, ಅವನಿಗೆ ಬರುವ ಕಸುಬು, ಇವನ್ನು ಒಂದು ಪೈಸೆ ಶುಲ್ಕವಿಲ್ಲದೆ ಬರೆದುಕೊಳ್ಳುವುದು ನಮ್ಮ ಕೈಯಲ್ಲಿತ್ತು. ಇದೇ ನಗರದಲ್ಲಿ ಕೆಲಸ ಕೊಡಿಸುತ್ತೇವೆಂದು ನೋಂದಣಿಗೆ ಸಾವಿರಗಟ್ಟಲೆ ಪಡೆದು, ಮರುವಾರ ಬೋರ್ಡು ಬದಲಿಸುವ ಕನ್ಸಲ್ಟೆನ್ಸಿಗಳಿವೆ. ಅವುಗಳ ಬಗ್ಗೆ ‘ಇನ್ನೂ ಇದೆಯಾ’ ಎಂದು ಯಾರೂ ಕೇಳುವುದಿಲ್ಲ.

ಈಗ 2020ರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ‘ಮುಚ್ಚಿಬಿಡಬಹುದಲ್ಲ’ ಎನ್ನುವವರಿಗೆ ನನ್ನ ಬಳಿ ಇರುವ ಉತ್ತರ ಅದೊಂದೇ.

ಮಾರ್ಚ್ ತಿಂಗಳ ಕೊನೆಗೆ ಲಾಕ್‌ಡೌನ್ ಬಂತು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ನಗರಗಳ ನಿರುದ್ಯೋಗ ಪ್ರಮಾಣ ಶೇಕಡ 20 ದಾಟಿತ್ತೆಂದು ಕೇಂದ್ರ ಸರ್ಕಾರದ ಸಮೀಕ್ಷೆಯೇ ಆಮೇಲೆ ತಿಳಿಸಿತು. ದುಡಿಯಲು ಸಿದ್ಧರಿದ್ದ ಐವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅದೇ ಮೂರು ತಿಂಗಳಲ್ಲಿ, ನಿರುದ್ಯೋಗಿಗಳಿಗಾಗಿಯೇ ಇದ್ದ ನಮ್ಮ ಕೌಂಟರಿಗೆ ಬೀಗ ಬಿದ್ದಿತ್ತು. ಸೋಂಕಿನ ಭಯವಿದ್ದ ದಿನಗಳಲ್ಲಿ ಅದು ಸರಿಯೇ. ಆದರೆ ಲಾಕ್‌ಡೌನ್ ಸಡಿಲವಾದ ಮೇಲೂ ನಾನಿದ್ದ ಬಾಡಿಗೆ ಕಟ್ಟಡದ ಆ ಕೌಂಟರು ತೆರೆಯಲಿಲ್ಲ. ಖರ್ಚು ಉಳಿಸಲು ನಮ್ಮನ್ನು ಬೇರೊಂದು ಕಡೆಗೆ ವಿಲೀನ ಮಾಡಿದರು. ‘ನೋಂದಣಿಗೆ ಜಾಲತಾಣಕ್ಕೆ ಭೇಟಿ ನೀಡಿ’ ಎಂಬ ಸೂಚನೆಯನ್ನು ಬಾಗಿಲಿಗೆ ಅಂಟಿಸಿದವಳು ನಾನೇ; ಟೈಪು ಮಾಡಿದವಳೂ ನಾನೇ.

ಅಕ್ಟೋಬರಿನ ಒಂದು ಮಧ್ಯಾಹ್ನ ಉಳಿದ ಕಡತಗಳನ್ನು ಆಟೊಗೆ ತುಂಬಿಸಲು ಅಲ್ಲಿಗೆ ಹೋಗಿದ್ದೆ. ಮೆಟ್ಟಿಲ ಮೇಲೆ ಒಬ್ಬಾಕೆ ಕುಳಿತಿದ್ದರು, ಮೂವತ್ತೈದರ ಆಸುಪಾಸು, ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು. ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಟೈಲರ್ ಆಗಿದ್ದವರು. ಆರ್ಡರು ಇಲ್ಲವೆಂದು ಫ್ಯಾಕ್ಟರಿಯವರು ಆ ಘಟಕವನ್ನೇ ಮುಚ್ಚಿದ್ದರು. ಬಾಗಿಲಿನ ಸೂಚನೆಯನ್ನು ಅವರು ಓದಿದ್ದರು. ಓದಿಯೂ ಎರಡು ಗಂಟೆ ಕುಳಿತಿದ್ದರು, ಯಾರಾದರೂ ಬಂದಾರು ಎಂದು. ನಾನು ಬೀಗ ತೆಗೆಯುವುದನ್ನು ಕಂಡು ಎದ್ದು ನಿಂತು ಕೇಳಿದರು: ‘ಮೇಡಂ, ಕೆಲಸ ಹೋಯ್ತು ಅಂತ ಎಲ್ಲಿ ಹೇಳ್ಬೇಕು?’

ಮೂವತ್ತನಾಲ್ಕು ವರ್ಷಗಳಲ್ಲಿ ನನಗೆ ಯಾರಾದರೂ ಕೇಳಿದ ಅತ್ಯಂತ ನೇರವಾದ ಪ್ರಶ್ನೆ ಅದು. ಕೆಲಸ ಕೊಡಿಸಿ ಎಂದು ಅವರು ಕೇಳಲಿಲ್ಲ, ದುಡ್ಡು ಕೊಡಿ ಎಂದೂ ಕೇಳಲಿಲ್ಲ. ಮಗು ಹುಟ್ಟಿದರೆ ಎಲ್ಲಿ ಹೇಳಬೇಕೆಂದು ಗೊತ್ತು, ಸತ್ತರೆ ಗೊತ್ತು, ಮನೆಯಲ್ಲಿ ಕಳವಾದರೆ ಠಾಣೆಯಿದೆ. ಜೀವನೋಪಾಯವೇ ಹೋದರೆ ಸರ್ಕಾರಕ್ಕೆ ಹೇಳುವುದಕ್ಕೆ ಜಾಗ ಯಾವುದು? ನನ್ನನ್ನು ಕೇಳುವವರೆಲ್ಲ ಇದನ್ನು ಕೇಳಲಿ ಎಂಬುದು ನನ್ನ ಆಸೆ.

ಖಾಲಿ ಕೋಣೆಯಲ್ಲಿ ಉಳಿದಿದ್ದ ಒಂದೇ ಬೆಂಚಿನ ಮೇಲೆ ಕುಳಿತು ಆ ಕವರಿನ ಕಾಗದಗಳನ್ನು ನೋಡಿದೆ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಸಂಖ್ಯೆ ಇತ್ತು. ಇಎಸ್‌ಐ ನಿಗಮದಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಎಂಬ ಯೋಜನೆ 2018ರಿಂದಲೇ ಇದೆ. ವಿಮೆಗೊಳಪಟ್ಟ ಕಾರ್ಮಿಕರು ಕೆಲಸ ಕಳೆದುಕೊಂಡರೆ ಗರಿಷ್ಠ 90 ದಿನ ಭತ್ಯೆ ಕೊಡುವ ಯೋಜನೆ ಅದು. 2020ರಲ್ಲಿ ಆ ಭತ್ಯೆಯನ್ನು ಸರಾಸರಿ ದಿನಗೂಲಿಯ ಶೇಕಡ 25ರಿಂದ 50ಕ್ಕೆ ಏರಿಸಿದ್ದರು. 90 ದಿನ ಕಾಯಬೇಕಿದ್ದುದನ್ನು 30ಕ್ಕೆ ಇಳಿಸಿದ್ದರು. ಅರ್ಜಿಯನ್ನು ಮಾಲೀಕರ ಮೂಲಕವೇ ಕಳುಹಿಸಬೇಕಿಲ್ಲ, ಶಾಖಾ ಕಚೇರಿಗೆ ನೇರವಾಗಿ ಕೊಡಬಹುದು ಎಂದು ಸಡಿಲಿಸಿದ್ದರು. ಇಷ್ಟೆಲ್ಲವೂ ಆಕೆಗೆ ಅನ್ವಯಿಸುತ್ತಿತ್ತು. ಇದರಲ್ಲಿ ಒಂದಕ್ಷರವೂ ಆಕೆಗೆ ಗೊತ್ತಿರಲಿಲ್ಲ. ಅದು ನನ್ನ ಇಲಾಖೆಯ ಯೋಜನೆಯಲ್ಲ, ಅದನ್ನು ಹೇಳಬೇಕೆಂದು ನನಗೆ ಯಾರೂ ಆದೇಶ ಕೊಟ್ಟಿರಲಿಲ್ಲ. ಆದರೆ ಕೌಂಟರಿನ ಹಿಂದೆ ಕುಳಿತವಳಿಗೆ ಪಕ್ಕದ ಇಲಾಖೆಯ ಬಾಗಿಲು ಎಲ್ಲಿದೆ ಎಂದು ತಿಳಿದಿರುತ್ತದೆ, ಎದುರಿಗೆ ನಿಂತವರ ಮುಖ ನೋಡಿದರೆ ಹೇಳಬೇಕೆಂದು ಅನ್ನಿಸುತ್ತದೆ. ಕಚೇರಿ ಎನ್ನುವುದು ಇಷ್ಟೇ. ಜಾಲತಾಣದಲ್ಲಿ ಆಕೆ ಹುಡುಕಬೇಕಾಗಿದ್ದುದು ತನಗೆ ಹೆಸರೇ ಗೊತ್ತಿಲ್ಲದ ಒಂದು ಯೋಜನೆಯನ್ನು, ಗಂಡನ ಹೆಸರಿನಲ್ಲಿದ್ದ ಮೊಬೈಲಿನಲ್ಲಿ, ಆತ ಮನೆಯಲ್ಲಿದ್ದಾಗ ಮಾತ್ರ.

ಕಾಗದಗಳನ್ನು ಜೋಡಿಸಿಕೊಟ್ಟು ಯಾವ ಬಸ್ಸು ಹತ್ತಬೇಕೆಂದು ಹೇಳಿ ಕಳುಹಿಸಿದೆ. ಮುಂದೇನಾಯಿತೆಂದು ನನಗೆ ಗೊತ್ತಾಗಲಿಲ್ಲ. ನನ್ನ ನಂಬರು ಕೊಡಲಿಲ್ಲವಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಇದು ಬಡ ದೇಶದ ಕಥೆ ಎಂದುಕೊಳ್ಳಬೇಡಿ. ಅಮೆರಿಕದ ಕೆಂಟಕಿ ರಾಜ್ಯವು 2017ರಲ್ಲಿ, ನಿರುದ್ಯೋಗ ಭತ್ಯೆಯ ವಿಚಾರಕ್ಕೆ ಜನ ಮುಖಾಮುಖಿಯಾಗಿ ಹೋಗಬಹುದಾಗಿದ್ದ ಅನೇಕ ಪ್ರಾದೇಶಿಕ ಕಚೇರಿಗಳನ್ನು ಮುಚ್ಚಿತ್ತು. ಆಗ ಅಲ್ಲಿ ಕೆಲಸಗಳಿದ್ದವು, ಕಚೇರಿಗಳು ಅನಗತ್ಯವೆನ್ನಿಸಿದ್ದವು. 2020ರ ಜೂನ್‌ನಲ್ಲಿ, ತಿಂಗಳುಗಟ್ಟಲೆ ಫೋನು ಮಾಡಿಯೂ ಉತ್ತರ ಸಿಗದ ಜನ ದೂರದ ಊರುಗಳಿಂದ ಕಾರು ಓಡಿಸಿಕೊಂಡು ಬಂದು, ರಾಜಧಾನಿ ಫ್ರಾಂಕ್‌ಫರ್ಟ್‌ನಲ್ಲಿ ಶಾಸನಸಭೆಯ ಕಟ್ಟಡದ ಎದುರು ಬೆಳಗಿನಿಂದ ಗಂಟೆಗಟ್ಟಲೆ ಸರದಿಯಲ್ಲಿ ನಿಂತರು. ಒಬ್ಬ ಮನುಷ್ಯನ ಎದುರು ಕುಳಿತು ತಮ್ಮ ಅರ್ಜಿ ಎಲ್ಲಿ ನಿಂತಿದೆ ಎಂದು ಕೇಳುವುದಕ್ಕೆ. 2021ರ ಏಪ್ರಿಲ್‌ನಲ್ಲಿ ಆ ರಾಜ್ಯ ಕೆಲವು ಊರುಗಳಲ್ಲಿ ಮತ್ತೆ ಮುಖಾಮುಖಿ ಸೇವೆ ಆರಂಭಿಸಿತು. ಆ ಸರದಿಯ ಫೋಟೊ ನೋಡಿದಾಗ ನನಗೆ ನೆನಪಾದದ್ದು ನಮ್ಮ ಮೆಟ್ಟಿಲು.

ಒಳ್ಳೆಯ ಕಾಲದಲ್ಲಿ ಕಚೇರಿ ಖಾಲಿ ಇರುತ್ತದೆ, ಆದ್ದರಿಂದ ಮುಚ್ಚುತ್ತಾರೆ. ಕೆಟ್ಟ ಕಾಲದಲ್ಲಿ ಬೊಕ್ಕಸ ಖಾಲಿ ಇರುತ್ತದೆ, ಆದ್ದರಿಂದ ಮುಚ್ಚುತ್ತಾರೆ. ಹಾಗಾದರೆ ತೆರೆದಿಡುವ ಕಾಲ ಯಾವುದು? ಬಾಡಿಗೆ, ಎರಡು ಮೇಜು, ಇಬ್ಬರು ನೌಕರರು ಎಂದು ಲೆಕ್ಕ ಹಾಕಿ ಉಳಿತಾಯ ತೋರಿಸುವವರು, ಮೆಟ್ಟಿಲ ಮೇಲೆ ಕಳೆದುಹೋದ ಎರಡು ಗಂಟೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ?

‘ಈಗ ಯುವನಿಧಿ ಇದೆಯಲ್ಲ’ ಎನ್ನುತ್ತಾರೆ. ಇದೆ, ಸಂತೋಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ರಾಜ್ಯ ಸರ್ಕಾರದ ಈ ಭತ್ಯೆ ಯೋಜನೆಗೆ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾ ಆದವರಿಗೆ 1500 ರೂಪಾಯಿ, ಗರಿಷ್ಠ ಎರಡು ವರ್ಷ. ಆದರೆ ಅದು ಓದು ಮುಗಿಸಿ ಕೆಲಸ ಸಿಗದವರಿಗೆ. ಒಂಬತ್ತು ವರ್ಷ ಹೊಲಿದು ಕೆಲಸ ಕಳೆದುಕೊಂಡ, ಎಂಟನೇ ತರಗತಿ ಓದಿದ ಹೆಂಗಸಿಗೆ ಅದರಲ್ಲಿ ಜಾಗವಿಲ್ಲ. ಪದವೀಧರರು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣಕ್ಕೆ, ಇಎಸ್‌ಐ ಇರುವವರು ನಿಗಮಕ್ಕೆ, ಕೆಲಸ ಹುಡುಕುವವರು 2015ರಲ್ಲಿ ಬಂದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣಕ್ಕೆ ಅಥವಾ ನಮ್ಮ ರಾಜ್ಯದ ಸ್ಕಿಲ್ ಕನೆಕ್ಟ್‌ಗೆ ಹೋಗಬೇಕು. ಬಾಗಿಲುಗಳು ಹಲವಾಗಿವೆ. ಯಾವ ಬಾಗಿಲು ನಿನ್ನದು ಎಂದು ಹೇಳುವ ಮೇಜು ಒಂದು ಬೇಕು ಎಂಬುದಷ್ಟೇ ನನ್ನ ಹಟ. ಉಚಿತ ಸಾರ್ವಜನಿಕ ಉದ್ಯೋಗ ಸೇವೆಯನ್ನು ನಡೆಸುತ್ತೇವೆಂದು, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 88ನೇ ಒಡಂಬಡಿಕೆಯನ್ನು ಒಪ್ಪಿ, 1959ರಲ್ಲೇ ಈ ದೇಶ ಮಾತು ಕೊಟ್ಟಿದೆ. ನಾನು ಹೊಸದೇನನ್ನೂ ಕೇಳುತ್ತಿಲ್ಲ.

ಜಾಲತಾಣ ಬೇಡವೆಂದು ನಾನು ಹೇಳಿಲ್ಲ. ಹಾಸನದಿಂದ ಬಸ್ಸು ಹತ್ತಿ ಬಂದು ನವೀಕರಣಕ್ಕೆ ನಿಲ್ಲುತ್ತಿದ್ದ ಹುಡುಗರ ಪ್ರಯಾಣವನ್ನು ಅದು ತಪ್ಪಿಸಿದೆ. ಆದರೆ ನಮ್ಮ ಕೌಂಟರಿನಲ್ಲಿ ದಿನವೂ ಕೇಳುತ್ತಿದ್ದ ಒಂದು ಮಾತಿತ್ತು. ‘ಯಾವ ಕೆಲಸ ಬರುತ್ತೆ?’ ಎಂದರೆ, ‘ಏನ್ ಕೊಟ್ರೂ ಮಾಡ್ತೀನಿ ಮೇಡಂ.’ ಆ ಉತ್ತರಕ್ಕೆ ವೃತ್ತಿ ವರ್ಗೀಕರಣದ ಪುಸ್ತಕದಲ್ಲಿ ಸಂಕೇತ ಸಂಖ್ಯೆಯಿಲ್ಲ. ಹತ್ತು ನಿಮಿಷ ಕೂರಿಸಿ ಮಾತನಾಡಿಸಿದರೆ, ಏನೂ ಬಾರದು ಎಂದವನಿಗೆ ಮೋಟಾರು ವೈಂಡಿಂಗ್ ಬರುತ್ತದೆ, ಅಡುಗೆ ಬರುತ್ತದೆ, ಚಿಕ್ಕಪ್ಪನ ಜೊತೆ ಮೂರು ವರ್ಷ ವೆಲ್ಡಿಂಗ್ ಮಾಡಿದ್ದಾನೆ ಎಂದು ತಿಳಿಯುತ್ತಿತ್ತು. ಅದನ್ನು ಕಾರ್ಡಿನ ಮೇಲೆ ಬರೆಯುತ್ತಿದ್ದೆ.

ಆದ್ದರಿಂದ, ಇದೆ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಇದೆ. ನಿಮಗೆ ಬೇಡವಾದರೆ ನಿಮ್ಮ ಮನೆಗೆಲಸದವರ ಮಗನಿಗೆ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿಗೆ, ಕಳೆದ ವಾರ ಕೆಲಸ ಹೋದ ಡ್ರೈವರಿಗೆ ಹೇಳಿ. ಹೋಗುವಾಗ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಇದ್ದರೆ ಅದೂ, ಮೂಲ ಪ್ರತಿಗಳ ಜೊತೆಗೆ ಒಂದೊಂದು ಜೆರಾಕ್ಸ್ ಇಟ್ಟುಕೊಳ್ಳಲಿ. ಇಎಸ್‌ಐ ಸಂಖ್ಯೆ ಇದ್ದರೆ ಅದನ್ನೂ ಬರೆದುಕೊಂಡು ಹೋಗಲಿ, ಅಲ್ಲಿ ಕುಳಿತವರು ಕೇಳದಿದ್ದರೂ ತಾವೇ ತೋರಿಸಲಿ.