ಒಳಗಿನಿಂದ ಹಚ್ಚುವ ಕೆಂಪು

ಭಾನುವಾರ, 20 ಜುಲೈ 2025
ರಾತ್ರಿ 10.30

ಎಡಗೈ ಹೆಬ್ಬೆರಳು ಇನ್ನೂ ಕೆಂಪಗೇ ಇದೆ. ಸೋಪು ಆಯ್ತು, ಸ್ಪಿರಿಟ್ ಆಯ್ತು, ಕೊನೆಗೆ ಪಾತ್ರೆ ತಿಕ್ಕುವ ನಾರನ್ನೂ ತಗೊಂಡು ಉಜ್ಜಿದೆ. ಹೋಗಲಿಲ್ಲ. ಇವಳು ನೋಡಿ, "ಆಷಾಢದಲ್ಲಿ ಯಾರ ಮದುವೇಲಿ ಓಕುಳಿ ಆಡಿ ಬಂದ್ರಿ?" ಅಂದಳು.

ಓಕುಳಿಯೇ ಸರಿ. ಬೆಳಗ್ಗೆಯಿಂದ ಬಚ್ಚಲುಮನೆಯಲ್ಲಿ ಆಡಿದ್ದು ಅದನ್ನೇ.

ಅಕ್ಕನ ಮಗನಿಗೆ ಮುಂದಿನ ಭಾನುವಾರ ಹುಟ್ಟುಹಬ್ಬ. ಅವನ ರಿಮೋಟ್ ಕಾರಿನ ಬಾಡಿ ಪಾರ್ಕಿಂಗ್ ಕಂಬಗಳಿಗೆ ಗುದ್ದಿ ಗುದ್ದಿ ಚಿಂದಿಯಾಗಿದೆ. ಹೊಸ ಬಾಡಿಯೊಂದಕ್ಕೆ ಬಣ್ಣ ಹೊಡೆದು ಕೊಡೋಣ ಅಂತ ನನ್ನಷ್ಟಕ್ಕೆ ಅಂದುಕೊಂಡಿದ್ದೆ. ಅವನಿಗೆ ಹೇಳಿಲ್ಲ. ಆದರೆ ಯಾವ ಬಣ್ಣ ಬೇಕು ಅಂತ ಹೋದ ತಿಂಗಳೇ ಗೊತ್ತಾಗಿತ್ತು. ಬೇಕರಿಯಲ್ಲಿ ಕೇಕಿನ ಮೇಲಿನ ಚೆರ್ರಿ ತೋರಿಸಿ, "ಮಾಮ, ಇಂಥ ಕೆಂಪು ಕಾರು ಯಾಕೆ ಬರಲ್ಲ?" ಅಂದಿದ್ದ. ಬರುತ್ತೆ ಕಣೋ. ಅದಕ್ಕೆ ಕ್ಯಾಂಡಿ ಅಂತಾರೆ.

ಈ ಬಾಡಿಗಳನ್ನು ನೋಡದವರಿಗೆ ಎರಡು ಮಾತು. ಇದು 1/10 ಅಳತೆಯದು, ಅಗಲ 190 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಗಾಳಿ ಎಳೆದು ಮಾಡುತ್ತಾರೆ. ಎಲ್ಲರೂ ಕರೆಯೋದು ಲೆಕ್ಸಾನ್ ಅಂತ. ಅದು ನಿಜಕ್ಕೂ ಒಂದು ಕಂಪನಿಯ ಬ್ರ್ಯಾಂಡ್ ಹೆಸರು, ನಾವು ಜೆರಾಕ್ಸ್ ಅನ್ನೋ ಹಾಗೆ. ನೀರಿನ ಬಾಟಲಿಯಷ್ಟು ತಿಳಿ. ಗುದ್ದಿದರೆ ಬಾಗುತ್ತೆ, ಸುಲಭಕ್ಕೆ ಒಡೆಯಲ್ಲ. ಹೊರಗಡೆ ಬಣ್ಣ ಹೊಡೆದರೆ ಮೊದಲ ಕಂಬಕ್ಕೇ ಕೆರೆದು ಹೋಗುತ್ತೆ. ಅದಕ್ಕೇ ಬಣ್ಣವೆಲ್ಲ ಒಳಗಡೆ. ಪ್ಲಾಸ್ಟಿಕ್ಕೇ ಹೊಳಪು, ಪ್ಲಾಸ್ಟಿಕ್ಕೇ ಕಾವಲು.

ಒಳಗಿನಿಂದ ಹಚ್ಚೋದು ಅಂದ್ರೆ ಎಲ್ಲ ಉಲ್ಟಾ. ಗೋಡೆಗೆ ಮೊದಲು ಪ್ರೈಮರ್, ಆಮೇಲೆ ಬಣ್ಣ. ಇಲ್ಲಿ ಮೊದಲು ಹಚ್ಚಿದ್ದೇ ಮುಖ, ಆಮೇಲಿನದೆಲ್ಲ ಅದರ ಬೆನ್ನಿಗೆ. ಮೈಸೂರು, ತಂಜಾವೂರು ಕಡೆ ಹಳೇ ಮನೆಗಳಲ್ಲಿ ಗಾಜಿನ ಹಿಂಬದಿಗೆ ಬರೆದ ಕೃಷ್ಣನ ಪಟಗಳು ಇರ್ತಾವಲ್ಲ, ಅದೇ ಲೆಕ್ಕ. ಕಣ್ಣಿನ ಗೆರೆ, ಒಡವೆ ಮೊದಲು, ಮೈಬಣ್ಣ ಆಮೇಲೆ, ಹಿನ್ನೆಲೆ ಕೊನೆಗೆ. ಕಣ್ಣು ಮರೆತು ಮೈ ತುಂಬಿಬಿಟ್ಟರೆ ಆ ಕೃಷ್ಣನಿಗೆ ಕಣ್ಣಿಲ್ಲ.

ಇನ್ನು ಕ್ಯಾಂಡಿ. ಸ್ಕೂಲ್ ಡೇ ನಾಟಕಕ್ಕೆ ಲೈಟಿನ ಮುಂದೆ ಕಟ್ಟುತ್ತಿದ್ದ ಜಿಲೆಟಿನ್ ಪೇಪರ್ ನೆನಪಿದೆಯಾ? ಕೆಂಪು ತುಂಡೊಂದನ್ನು ನ್ಯೂಸ್‌ಪೇಪರಿನ ಮೇಲೆ ಇಡಿ. ಸಪ್ಪೆ. ಅದನ್ನೇ ಚೆನ್ನಾಗಿ ತಿಕ್ಕಿದ ಸ್ಟೀಲ್ ತಟ್ಟೆಯ ಮೇಲೆ ಇಡಿ. ಒಳಗೆ ದೀಪ ಹಚ್ಚಿದ ಹಾಗೆ ಆಗುತ್ತೆ. ಬೆಳಕು ಕೆಂಪಿನೊಳಗೆ ಇಳಿದು, ತಟ್ಟೆಗೆ ಬಡಿದು, ಮತ್ತೆ ಅದೇ ಕೆಂಪಿನಿಂದ ಹಾದು ಕಣ್ಣಿಗೆ ಬರುತ್ತೆ. ಎರಡು ಸಲ ಅದ್ದಿ ತೆಗೆದ ಬೆಳಕು. ಕ್ಯಾಂಡಿ ಬಣ್ಣವೂ ಇಷ್ಟೇ: ಪಾರದರ್ಶಕ ಡೈ, ಅದರ ಹಿಂದೆ ಬೆಳ್ಳಿ ಬಣ್ಣ. ಕ್ಯಾಲಿಫೋರ್ನಿಯಾದ ಜೋ ಬೈಲನ್ ಅನ್ನೋ ಕಾರು ಪೇಂಟರ್, ಯಾವುದೋ ಕಾರಿನ ಟೇಲ್ ಲೈಟಿನ ಕೆಂಪು ನೋಡಿ ಹುಚ್ಚು ಹಿಡಿಸಿಕೊಂಡು, 1950ರ ದಶಕದಲ್ಲಿ ಕ್ಯಾಂಡಿ ಆ್ಯಪಲ್ ರೆಡ್ ಮಾಡಿದನಂತೆ. ಅಲ್ಲಿ ಸೇಬನ್ನು ಕಡ್ಡಿಗೆ ಚುಚ್ಚಿ ಕೆಂಪು ಸಕ್ಕರೆ ಪಾಕದಲ್ಲಿ ಅದ್ದಿ ಮಾರ್ತಾರೆ, ಅದರ ಹೆಸರು. ಅವನು ಇಲ್ಲಿ ಹುಟ್ಟಿದ್ದರೆ ಬೇಕರಿ ಚೆರ್ರಿ ಅಂತಲೇ ಇಡುತ್ತಿದ್ದ.

ಕಷ್ಟ ಇರೋದು ಜಿಲೆಟಿನ್ ಪೇಪರಿನ ಇನ್ನೊಂದು ಗುಣದಲ್ಲಿ. ಒಂದರ ಮೇಲೆ ಒಂದಿಟ್ಟರೆ ಗಾಢ ಆಗುತ್ತೆ. ಬೇರೆ ಬಣ್ಣ ಒಂದು ಹಂತಕ್ಕೆ ಬಂದ ಮೇಲೆ ಎಷ್ಟು ಹೊಡೆದರೂ ಅದೇ ಬಣ್ಣ. ಕ್ಯಾಂಡಿ ಹಾಗಲ್ಲ. ಕೈ ಒಂದು ಕಡೆ ಅರೆಕ್ಷಣ ಜಾಸ್ತಿ ನಿಂತರೆ ಅಲ್ಲಿ ಪಟ್ಟೆ ಬಿತ್ತು.

ಬೆಳಗ್ಗೆ ಏಳಕ್ಕೇ ಶುರು ಮಾಡಿದೆ. ಮಾಡೋದು ಬಚ್ಚಲುಮನೆಯಲ್ಲಿ. ಟೆರೇಸಿನಲ್ಲಿ ಆಷಾಢದ ಗಾಳಿ ಧೂಳು ತಂದು ಸುರಿಯುತ್ತೆ. ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ, ನೆಲಕ್ಕೆ ನೀರು ಹಾಕಿಬಿಟ್ಟರೆ ಧೂಳು ಏಳಲ್ಲ. ನೀರಿನ ಬಣ್ಣವೇ ಆದರೂ ಮೂಗಿಗೆ ಮಾಸ್ಕ್ ಹಾಕಲೇಬೇಕು. ಬಾಡಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದೆ. ಅಚ್ಚಿನ ಜಿಡ್ಡು ಹೋಗಬೇಕಲ್ಲ. ಒಣಗಿದ ಮೇಲೆ ಒಳಮೈಗೆ ಬೆರಳು ತಾಗಿಸಲಿಲ್ಲ. ಬೆರಳಿನ ಎಣ್ಣೆ ಕ್ಯಾಂಡಿಯಲ್ಲಿ ಗುರುತಾಗಿ ಕೂರುತ್ತೆ. ಕಿಟಕಿಗಳಿಗೆ ಬಣ್ಣ ತಾಗದ ಹಾಗೆ ಒಳಗಿನಿಂದ ಮಾಸ್ಕಿಂಗ್ ಹಾಳೆ ಅಂಟಿಸಿದೆ. ಹೊರಗಡೆ ತೆಳುವಾದ ಫಿಲ್ಮ್ ಇದೆ. ಅದನ್ನು ಎಲ್ಲ ಮುಗಿಯೋವರೆಗೆ ಕೀಳೋ ಹಾಗಿಲ್ಲ.

ಮೊದಲು ಬಾಟಲಿ ಪ್ಲಾಸ್ಟಿಕ್ಕಿನ ಪಟ್ಟಿಯೊಂದರ ಮೇಲೆ ಒಂದು ಕೋಟಿನಿಂದ ಆರು ಕೋಟಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೊಡೆದು, ಬೆನ್ನಿಗೆ ಬೆಳ್ಳಿ ಹಾಕಿ ನೋಡಿದೆ. ಎರಡು ಕೋಟ್ ಆದ ಕಡೆ ರೂಹ್ ಅಫ್ಜಾ. ಆರಕ್ಕೆ ಕೋಕಮ್ ಶರಬತ್ತು. ಐದನೆಯದು ಬೇಕರಿ ಚೆರ್ರಿ. ಐದು ಅಂತ ತೀರ್ಮಾನ.

ಮೊದಲ ಕೋಟ್ ಹೊಡೆದಾಗ ಏನೂ ಕಾಣಲ್ಲ. ಕನ್ನಡಿಗೆ ಬಾಯಿಯ ಆವಿ ಬಿಟ್ಟ ಹಾಗೆ ಒಂದು ಗುಲಾಬಿ ಮಬ್ಬು ಅಷ್ಟೇ. ಇನ್ನೊಂಚೂರು ಹೊಡೆಯೋಣ ಅನ್ನಿಸುತ್ತೆ. ಹೊಡೆಯಬಾರದು. ಏರ್‌ಬ್ರಷ್ ಅಂದ್ರೆ ಗಾಳಿಯಿಂದ ಬಣ್ಣ ಊದುವ ಪುಟ್ಟ ಗನ್. ಅದರ ಮೂತಿ 0.3 ಮಿ.ಮೀ., ಒತ್ತಡ 20 ಪಿಎಸ್‌ಐ, ದೂರ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಪ್ರತಿ ಎಳೆತ ಹಿಂದಿನದನ್ನು ಅರ್ಧ ಮುಚ್ಚಬೇಕು. ನಾನು ಇದನ್ನು ಮೊದಲು ನೋಡಿದ್ದು ಜೆ.ಸಿ. ರಸ್ತೆ ಹಿಂದಿನ ಗಲ್ಲಿಯ ಗ್ಯಾರೇಜಿನಲ್ಲಿ. ಅಪ್ಪನ ಸ್ಕೂಟರ್ ರಿಪೇರಿಗೆ ಹೋದಾಗ ಪಕ್ಕದ ಶೆಡ್ಡಿನಲ್ಲಿ ಪೇಂಟರ್ ಅಣ್ಣ ಕಾರಿನ ಬಾಗಿಲಿಗೆ ಹೊಡೆಯುತ್ತಿದ್ದ. ನಾನು ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತಿದ್ದಕ್ಕೆ ಗನ್ ಕೈಗೆ ಕೊಟ್ಟು ನೋಡಿದ. ನಾನು ಒತ್ತಿ ಆಮೇಲೆ ಕೈ ಆಡಿಸಿದೆ. "ಮೊದ್ಲು ಕೈ ಹೊರಡ್ಬೇಕು ಮರೀ, ಆಮೇಲೆ ಗಾಳಿ. ಮೊದ್ಲು ಗಾಳಿ ನಿಲ್ಬೇಕು, ಆಮೇಲೆ ಕೈ" ಅಂದ. ಅವತ್ತು ನನಗೆ ಹತ್ತೋ ಹನ್ನೊಂದೋ ವಯಸ್ಸು. ಇವತ್ತೂ ಬಚ್ಚಲಲ್ಲಿ ನಿಂತು ಅದನ್ನೇ ಗೊಣಗಿಕೊಳ್ಳುತ್ತೇನೆ.

ಆದರೆ ಅವನು ಹೊಡೆಯುತ್ತಿದ್ದುದು ಚಪ್ಪಟೆ ಬಾಗಿಲಿಗೆ. ನನ್ನದು ಬೋಗುಣಿಯ ಒಳಮೈ. ಗಾಳಿ ಮೂಲೆಗೆ ಹೋಗಿ ಅಲ್ಲೇ ಸುತ್ತುತ್ತೆ, ಬಣ್ಣವೂ ಅದರ ಜೊತೆ. ಚಕ್ರದ ಕಮಾನು, ಬಂಪರಿನ ಸಂದಿ ಎರಡೂ ಸುಮ್ನೆ ಸುಮ್ನೆ ಕಪ್ಪಿಡುತ್ತವೆ. ಅದಕ್ಕೆ ಮೂಲೆಗಳಿಗೆ ನೇರ ಹೊಡೆಯಲೇ ಇಲ್ಲ. ಪಕ್ಕದಲ್ಲಿ ಹೊಡೆದಾಗ ಹಾರಿ ಬಿದ್ದದ್ದೇ ಸಾಕಾಯ್ತು.

ಎರಡು ಕೋಟ್ ಚೆನ್ನಾಗಿ ಬಂತು. ಮೂರನೆಯದರ ಮಧ್ಯೆ ಏರ್‌ಬ್ರಷ್ ಒಮ್ಮೆ ಕೆಮ್ಮಿತು. ಬಾನೆಟ್ಟಿನ ನಟ್ಟನಡುವೆ ನೀರಿನ ಹನಿ.

ತಪ್ಪು ನನ್ನದೇ. ಮಳೆಗಾಲದ ತೇವದ ಗಾಳಿಯನ್ನು ಕಂಪ್ರೆಸರ್ ಹಿಂಡಿ ತುಂಬಿಕೊಳ್ಳುತ್ತೆ. ನೀರೆಲ್ಲ ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತೆ. ಕೆಳಗಿನ ತಿರುಪು ಬಿಚ್ಚಿ ಅದನ್ನು ಬಸಿಯಬೇಕು. ತಿಂಗಳಿಂದ ಬಸಿದಿರಲಿಲ್ಲ. ಈಗ ಬಿಚ್ಚಿದರೆ ಕಾಫಿ ಲೋಟದ ತಳ ಮುಳುಗುವಷ್ಟು ತುಕ್ಕು ನೀರು ಬಂತು. ಆದರೆ ಹನಿ ತನ್ನ ಕೆಲಸ ಮುಗಿಸಿತ್ತು. ಬಣ್ಣವನ್ನು ಅಂಚಿಗೆ ತಳ್ಳಿ, ನಡುವೆ ಬಿಳಿಚಿಕೊಂಡು ಒಣಗಿತ್ತು. ಮೊಬೈಲ್ ಟಾರ್ಚ್ ಹಚ್ಚಿ ಒಳಗಿಟ್ಟು ಹೊರಗಿನಿಂದ ನೋಡಿದೆ. ಇಡೀ ಬಾನೆಟ್ಟು ಗಣೇಶನ ಪೆಂಡಾಲಿನ ದೀಪದ ಹಾಗೆ ಬೆಳಗುತ್ತಿದೆ, ಅದರ ಮಧ್ಯೆ ಒಂದು ಗಜಕರ್ಣ.

ಹತ್ತು ನಿಮಿಷ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತೆ. ನಿಜವಾದ ಕಾರಾಗಿದ್ದರೆ ಮೇಲೊಂದು ಕರಿ ಪಟ್ಟೆ ಎಳೆದು ಮುಚ್ಚಬಹುದು. ಇಲ್ಲಿ 'ಮೇಲೆ' ಅನ್ನೋದು ಮುಗಿದುಹೋಗಿದೆ. ಇನ್ನು ಏನು ಹಚ್ಚಿದರೂ ಗಜಕರ್ಣದ ಬೆನ್ನಿಗೇ. ಹೊರಗೆ ಸ್ಟಿಕರ್ ಅಂಟಿಸಬಹುದು, ಆದರೆ ಎರಡನೇ ಗುದ್ದಿಗೆ ಅದು ಎದ್ದು ಬರುತ್ತೆ. ಸೇರಿಸಿ ಮುಚ್ಚೋಕೆ ಆಗಲ್ಲ. ತೆಗೆಯೋಕೆ ಆಗುತ್ತಲ್ಲ? ಬಾನೆಟ್ ಮೇಲೆ ಬಿಳಿ ದುಂಡು, ಅದರೊಳಗೆ ನಂಬರು. ರೇಸಿನ ಕಾರುಗಳಿಗೆ ಇರೋದೇ ಅದು.

ಫೋನ್ ಮಾಡಿದೆ. "ಏನೋ, ನಿಂಗೆ ಯಾವ ನಂಬರ್ ಇಷ್ಟ?"

"ಏಳು. ಯಾಕ್ ಮಾಮ?"

"ಸುಮ್ನೆ ಕೇಳ್ದೆ. ಎಂಟಾದ್ರೆ ಆಗಲ್ವಾ?"

"ಎಂಟು ಯಾರ್ದು ಮಾಮ? ಧೋನಿದು ಏಳು."

ಎಂಟು ಆಗಿದ್ದರೆ ಕನ್ನಡಿಯಲ್ಲೂ ಎಂಟೇ. ಇರಲಿ, ಧೋನಿಗಾಗಿ.

ಹೇರ್ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಅರ್ಧ ಗಂಟೆ ಒಣಗಿಸಿದೆ. ಮಾಸ್ಕಿಂಗ್ ಹಾಳೆಯಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ವೃತ್ತ ಕತ್ತರಿಸಿದೆ. ಸರಿಯಾಗಿ 27 ಮಿ.ಮೀ. ಹಸಿ ಬಣ್ಣದ ಮೇಲೆ ಅಂಟು ಜೋರಾಗಿದ್ದರೆ ಬಣ್ಣವೇ ಕಿತ್ತು ಬರುತ್ತೆ. ಅದಕ್ಕೆ ಹಾಳೆಯನ್ನು ಎರಡು ಸಲ ಲುಂಗಿಗೆ ಒತ್ತಿ ಅಂಟು ಸಾಯಿಸಿದೆ. ಇಯರ್‌ಬಡ್ಡಿಗೆ ಸ್ಪಿರಿಟ್ ಮುಟ್ಟಿಸಿದಂತೆ ಮಾಡಿ, ಅಂಚಿನಿಂದ ನಡುವಿಗೆ ಒರೆಸುತ್ತಾ ಹೋದೆ. ನಡುವಿನಿಂದ ಅಂಚಿಗೆ ಒರೆಸಿದರೆ ಕೆಂಪು ನೀರು ಟೇಪಿನ ಅಡಿಗೆ ನುಗ್ಗುತ್ತೆ. ಹನ್ನೆರಡು ಇಯರ್‌ಬಡ್ ಹೋದವು. ಹೆಬ್ಬೆರಳು ಕೆಂಪಾಗಿದ್ದು ಆಗಲೇ.

ಆಮೇಲೆ ಏಳು. ಬ್ಲೇಡಿನಲ್ಲಿ ಅಂದವಾಗಿ ಕತ್ತರಿಸಿ, ಒಳಗೆ ಅಂಟಿಸಿ, ಖುಷಿಯಾಗಿ ಬಾಡಿಯನ್ನು ತಿರುಗಿಸಿ ನೋಡಿದರೆ ಹಿಂದುಮುಂದಾದ ಏಳು! ಇಷ್ಟು ಹೊತ್ತು ಉಲ್ಟಾ ಉಲ್ಟಾ ಅಂತ ನಿಮಗೆ ಪಾಠ ಹೇಳಿದವನು ನಾನೇ. ಪುಣ್ಯಕ್ಕೆ ಬಣ್ಣ ಹೊಡೆದಿರಲಿಲ್ಲ. ಕಿತ್ತು, ಇನ್ನೊಂದು ಕತ್ತರಿಸಿ, ಮೊದಲು ಕಪ್ಪು ಏಳು, ಅದರ ಬೆನ್ನಿಗೆ ಮೂರು ಕೋಟ್ ಬಿಳಿ. ಸುತ್ತಲಿನ ಹಾಳೆ ಕೀಳುವಾಗ ಒಂದು ಕಡೆ ಎಳ್ಳಿನಷ್ಟು ಕೆಂಪು ಎದ್ದು ಬಂತು. ಗೊತ್ತಿದ್ದವರಿಗೆ ಮಾತ್ರ ಕಾಣುತ್ತೆ. ನನಗಂತೂ ಅದು ಬಿಟ್ಟು ಬೇರೇನೂ ಕಾಣುತ್ತಿಲ್ಲ.

ಮುಖ ಆದ ಮೇಲೆ ಬಿಳಿಯ ಬೆನ್ನಿಗೆ ಏನು ಬಿದ್ದರೂ ತೊಂದರೆ ಇಲ್ಲ ಅಲ್ವಾ? ಬೇರೆ ಬಣ್ಣವಾದರೆ ಹೌದು. ಕ್ಯಾಂಡಿಯಲ್ಲಿರೋದು ಡೈ. ಅದು ಊರುತ್ತೆ. ಬಿಳಿಯೊಳಗೆ ಇಳಿದು ಗುಲಾಬಿ ಮಾಡುತ್ತೆ. ಹಾಗಾಗಿ ಕತ್ತರಿಸಿ ಉಳಿದಿದ್ದ ನಾಣ್ಯದಗಲದ ತುಂಡನ್ನೇ ಬಿಳಿಯ ಮೇಲೆ ಮುಚ್ಚಳ ಹಾಕಿ, ಮೂರನೇ ಕೋಟ್ ಪೂರ್ತಿ ಮಾಡಿ, ನಾಲ್ಕು, ಐದು ಹೊಡೆದೆ. ಪ್ರತಿ ಕೋಟಿಗೂ ಮೊದಲು ಟ್ಯಾಂಕ್ ಬಸಿದೆ. ಒಂದು ಹನಿಯೂ ಬರಲಿಲ್ಲ, ಆದರೂ ಬಸಿದೆ.

ಮಧ್ಯಾಹ್ನ ಊಟ ಮಾಡಿ ಬಂದು ಬೆಳ್ಳಿ. ಇಡೀ ದಿನ ನಾನು ಕಾಯೋದು ಈ ಐದು ನಿಮಿಷಕ್ಕೆ. ಅಲ್ಲಿಯವರೆಗೆ ಬಾಡಿ ಕೆಮ್ಮಿನ ಔಷಧಿ ಬಾಟಲಿಯ ಹಾಗೆ ಇರುತ್ತೆ. ಸಣ್ಣ ಕಣದ ಬೆಳ್ಳಿಯನ್ನು ಒಳಗಿನಿಂದ ಉದುರಿಸಿದ ಹಾಗೆ ಹೊಡೆಯುತ್ತಾ ಹೋದಂತೆ, ಹೊರಗಿನಿಂದ ಕೆಂಪು ತಾನೇ ಎದ್ದು ಕೂರುತ್ತೆ. ಹೊಡೆದ ಭಾಗ ಉರಿಯುತ್ತಿರುತ್ತೆ, ಹೊಡೆಯದ ಭಾಗ ಸತ್ತಂತೆ ಇರುತ್ತೆ. ಇವೆರಡರ ನಡುವಿನ ಗಡಿ ನನ್ನ ಕೈ ಜೊತೆ ಸರಿಯುತ್ತೆ. ಮೊದಲ ಬೆಳ್ಳಿಯನ್ನು ಒದ್ದೆಯಾಗಿ ಹೊಡೆದರೆ ಡೈ ಕರಗಿ ಬೆಳ್ಳಿಗೆ ಸೇರುತ್ತೆ. ಹಾಗಾಗಿ ಒಣ ಒಣ, ನಾಲ್ಕು ಸಲ. ಚಿನ್ನದ ಬಣ್ಣ ಹಾಕಿದ್ದರೆ ಕೆಂಪು ಇನ್ನೂ ಬಿಸಿಯಾಗಿ ಕಾಣುತ್ತಿತ್ತು, ಆದರೆ ಚೆರ್ರಿ ಆಗುತ್ತಿರಲಿಲ್ಲ. ಕೊನೆಗೆ ಎಲ್ಲದರ ಬೆನ್ನಿಗೆ ಕಪ್ಪು. ಅದಿಲ್ಲದಿದ್ದರೆ ಬಿಸಿಲಿಗೆ ಹಿಡಿದಾಗ ಒಳಗಿನ ಬ್ಯಾಟರಿ, ವೈರಿನ ನೆರಳೆಲ್ಲ ಹೊರಗೆ ಕಾಣುತ್ತೆ.

ಹೋದ ವರ್ಷ ನನ್ನದೇ ಒಂದು ಬಾಡಿಗೆ ಹಳದಿ, ಕೆಂಪು ಎರಡೂ ಕ್ಯಾಂಡಿ ಹೊಡೆದಿದ್ದೆ. ಅದರಲ್ಲೊಂದು ಮಜಾ ಇದೆ. ಎರಡೂ ಪಾರದರ್ಶಕ, ಹಾಗಾಗಿ ಯಾವುದು ಮೊದಲು ಬಂದರೂ ಕಿತ್ತಳೆ ಬರೋದು ಬಂದೇ ಬರುತ್ತೆ. ಹಿಂದು ಮುಂದಿನ ಲೆಕ್ಕ ತಪ್ಪಿದರೂ ನಡೆಯೋದು ಅಲ್ಲಿ ಮಾತ್ರ. ಆ ಬಾಡಿಯನ್ನು ಕಿಟಕಿ ಪಕ್ಕ ಇಟ್ಟು ಬಿಸಿಲಿಗೆ ಕೆಂಪು ಮಾಸಿಸಿಕೊಂಡೆ. ಇವನಿಗೆ ಅದನ್ನು ಮಾತ್ರ ಹೇಳಿ ಕೊಡಬೇಕು, ಕಪಾಟಿನೊಳಗೆ ಇಡು ಅಂತ. ಇಡಲ್ಲ, ಅದು ಬೇರೆ ಮಾತು.

ಸಂಜೆ ಟೇಬಲ್ ಮೇಲೆ ಇಟ್ಟಿದ್ದನ್ನು ಇವಳು ನೋಡಿದಳು. ಹೊರಗಿನ ಫಿಲ್ಮ್ ಇನ್ನೂ ಹಾಗೇ ಇದೆ. ಅದರ ಮೇಲೆ ಅಲ್ಲಿ ಇಲ್ಲಿ ಹಾರಿದ ಬಣ್ಣ, ಬೆರಳ ಗುರುತು, ಕಪ್ಪು ಧೂಳು.

"ರೀ, ಬೆಳಗ್ಗೆಯಿಂದ ಬಚ್ಚಲು ಬಿಡದೆ ಮಾಡಿದ್ದು ಈ ಮಾಸಲು ಕಾರಾ?"

ಹಿಂದಿನ ಬಂಪರಿನ ಮೂಲೆಯಲ್ಲಿ ಉಗುರು ಹಾಕಿ ಒಂದಿಂಚು ಫಿಲ್ಮ್ ಎಬ್ಬಿಸಿದೆ. ಟ್ಯೂಬ್‌ಲೈಟ್ ಬೆಳಕು ಅಲ್ಲಿಗೆ ಬಿತ್ತು. ಅವಳು ಬಗ್ಗಿ ನೋಡಿದಳು. ಏನೂ ಹೇಳಲಿಲ್ಲ. ಪೂರ್ತಿ ಕೀಳೋಕೆ ಕೈ ಹಾಕಿದಳು.

ತಡೆದೆ. ಫಿಲ್ಮ್ ಕೀಳೋ ಕೆಲಸ ಮುಂದಿನ ಭಾನುವಾರ, ಏಳನೇ ನಂಬರಿನವನದು. ಮೂಲೆಯನ್ನು ಮತ್ತೆ ಒತ್ತಿ ಅಂಟಿಸಿ ಬೀರುವಿನ ಮೇಲೆ ಎತ್ತಿಟ್ಟಿದ್ದೇನೆ. ನಾಳೆ ಆಫೀಸಿನಲ್ಲಿ ಬೆರಳೊತ್ತುವ ಯಂತ್ರ ಈ ಹೆಬ್ಬೆರಳನ್ನು ಒಪ್ಪಿದರೆ ಸಾಕು.